ಹೊಸ ಕಾರಿಗೊಂದು ರುದ್ರಾಭಿಷೇಕ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾರು ಮನೆಗೆ ಬಂದದ್ದು ಶುಕ್ರವಾರ ಎಂದು ನನ್ನ ನೆನಪು, ಬುಧವಾರ ಎಂದು ಅಮ್ಮನದು. ಆ ದಿನ ನಾನು ಹಸಿರು ಸೀರೆ ಉಟ್ಟಿದ್ದೆ ಎಂದು ನಾನು ಆಣೆ ಹಾಕಬಲ್ಲೆ. ಆದರೆ ಶೋರೂಮಿನವರು ತೆಗೆದ ಫೋಟೋದಲ್ಲಿ ನಾನು ಚೂಡಿದಾರದಲ್ಲಿ ನಿಂತಿದ್ದೇನೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಕಣ್ಣಾರೆ ಕಂಡವರ ಸಾಕ್ಷಿಯನ್ನು ಸುಲಭಕ್ಕೆ ನಂಬಬಾರದು ಎಂದು ಮೇಷ್ಟ್ರುಗಳು ಎರಡು ವರ್ಷ ಕಲಿಸಿದರು. ಆ ಪಾಠ ನನಗೆ ಎಷ್ಟು ಚೆನ್ನಾಗಿ ಹಿಡಿಸಿತೆಂದರೆ ಈಗ ನನ್ನನ್ನೇ ನಂಬುವುದು ಕಷ್ಟವಾಗಿದೆ. ಅದಕ್ಕೆಂದೇ ದಿನಚರಿ ಬರೆಯುತ್ತೇನೆ. ಅದೂ ಹೇಳಿಕೊಳ್ಳುವಷ್ಟು ಉಪಕಾರಕ್ಕೆ ಬರುವುದಿಲ್ಲ. ಕಾರು ಬಂದ ದಿನದ ಪುಟ ತೆರೆದರೆ ಇರುವುದು ಇಷ್ಟೇ: 'ಕಾರು ಬಂತು. ಪಾಯಸಕ್ಕೆ ಬೆಲ್ಲ ಹೆಚ್ಚಾಯಿತು.' ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಆಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದಿದ್ದೇನೆ. ಯಾರಾದರೂ ಇದ್ದದ್ದಕ್ಕಿಂತ ಹೆಚ್ಚು ಸಭ್ಯರಾಗಿ ಕಂಡರೆ ಆ ತಪ್ಪು ನನ್ನದು.

ಕಾಟಿಪಳ್ಳದ ನಮ್ಮ ಮನೆಯಲ್ಲಿ ಇರುವುದು ಮೂವರು: ಅಮ್ಮ, ಅಣ್ಣ, ನಾನು. ಅಣ್ಣ ಶ್ರೀಪತಿ ಹತ್ತಿರದ ಒಂದು ಸಣ್ಣ ಗಣಪತಿ ದೇವಸ್ಥಾನದ ಅರ್ಚಕ. ನಾನು ಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಇಬ್ಬರಿಗೂ ಮದುವೆಯಾಗಲಿಲ್ಲ. ಅಣ್ಣನಿಗೆ ಹೆಣ್ಣು ಸಿಗಲಿಲ್ಲ, ನಾನು ಒಪ್ಪಲಿಲ್ಲ ಎಂದು ನನ್ನ ನೆನಪು. ಈ ವಿಷಯದಲ್ಲೂ ಅಮ್ಮನ ನೆನಪು ಬೇರೆ ಉಂಟು. ಮೊನ್ನೆ ಮೊನ್ನೆಯವರೆಗೆ ನಮ್ಮ ವಾಹನವೆಂದರೆ ಅಣ್ಣನ ಸ್ಕೂಟರು. ಮುಂದೆ ಹೋಮದ ಸಾಮಾನಿನ ಚೀಲ, ಹಿಂದೆ ಅಮ್ಮ, ಅಮ್ಮನ ಕೈಯಲ್ಲಿ ಬಿಡಿಸಿದ ಕೊಡೆ. ಗಾಳಿ ಬಂದಾಗ ಸ್ಕೂಟರು ಅಣ್ಣ ಹೇಳಿದ ಕಡೆಗೆ ಹೋಗುತ್ತಿತ್ತೋ ಕೊಡೆ ಹೇಳಿದ ಕಡೆಗೋ ಎಂಬುದು ಪಣಂಬೂರಿನ ಲಾರಿ ಡ್ರೈವರುಗಳಿಗೇ ಗೊತ್ತು. ಅಮ್ಮನ ಮೊಣಕಾಲು ಕೈಕೊಟ್ಟ ಮೇಲೆ ಸ್ಕೂಟರು ಹತ್ತಿಸುವುದೇ ಒಂದು ಉತ್ಸವವಾಯಿತು. ಕಾರು ತೆಗೆದುಕೊಳ್ಳುವ ಮಾತು ಬಂತು. ಮಾತು ಬಂದ ಕೂಡಲೇ ಭಾವನ ಫೋನೂ ಬಂತು.

ಭಾವ ಎಂದರೆ ಅಕ್ಕನ ಗಂಡ. ಹೊರರಾಜ್ಯದ ಒಂದು ಕಾರು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದಾರೆ. ಕಾರ್ಖಾನೆಯ ಹೆಸರು ಬೇಡ, ಅಕ್ಕ ಅಲ್ಲಿಯೇ ಬಾಳಬೇಕಲ್ಲ. ಭಾವನ ಬೆರಳುಗಳಿಗೆ ರಜೆ ಎಂಬುದಿಲ್ಲ. ಯಾರ ಮನೆಗೆ ಹೋದರೂ ಬಾಗಿಲಿನ ಅಂಚನ್ನು ಒಮ್ಮೆ ಸವರುತ್ತಾರೆ, ಕಪಾಟು ತೆರೆದು ಮುಚ್ಚಿ ಶಬ್ದ ಕೇಳುತ್ತಾರೆ. ಮದುವೆಯ ಊಟಕ್ಕೆ ಕುಳಿತರೆ ತನ್ನ ಎಲೆಯ ಲಾಡನ್ನೂ ಪಕ್ಕದವರ ಎಲೆಯ ಲಾಡನ್ನೂ ಹೋಲಿಸಿ, "ವೇರಿಯೇಶನ್ ಉಂಟು" ಎನ್ನುತ್ತಾರೆ. ತಿನ್ನುವುದನ್ನೇನೂ ಬಿಡುವುದಿಲ್ಲ. ಅವರಿಗೆ ಎರಡು ವಿಷಯಗಳ ಮೇಲೆ ಬಹಳ ಅಭಿಮಾನ. ಒಂದು, ಕಾರಿಗೆ ಮಾಡಿಸುವ ಸ್ನಾನ. ಕಾರ್ಖಾನೆಯಿಂದ ಹೊರಡುವ ಪ್ರತಿಯೊಂದು ಕಾರನ್ನೂ ಒಂದು ಗೂಡಿನೊಳಗೆ ನಿಲ್ಲಿಸಿ ನಾಲ್ಕೂ ಕಡೆಯಿಂದ ಜಡಿಮಳೆಯ ಹಾಗೆ ನೀರು ಹೊಡೆಯುತ್ತಾರಂತೆ. ಆಮೇಲೆ ಭಾವನಂಥವರು ಒಳಗೆ ಕೈಹಾಕಿ, ಎಲ್ಲಿಯೂ ಪಸೆ ಇಲ್ಲವೆಂದು ನೋಡಿ, ಆಗಲಿ ಎಂದು ಕಳಿಸುತ್ತಾರಂತೆ. "ನಾನು ಬಿಟ್ಟ ಕಾರಿನೊಳಗೆ ಒಂದು ಹನಿ ನೀರು ಹೋದರೆ ನನ್ನ ಹೆಸರು ತೆಗೆದು ಬೇರೆ ಇಡಿ" ಎಂದು ಅವರು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಎರಡನೆಯದು, ಐದು 'ಎಂತಕ್ಕೆ'. ಏನಾದರೂ ಕೆಟ್ಟರೆ ಐದು ಸಲ ಎಂತಕ್ಕೆ ಎಂದು ಕೇಳುತ್ತ ಹೋಗಬೇಕಂತೆ, ಐದನೆಯದಕ್ಕೆ ತಪ್ಪಿನ ಬೇರು ಸಿಗುತ್ತದಂತೆ. ಒಮ್ಮೆ ಅಕ್ಕನ ಸಾರು ಉಪ್ಪಾದಾಗ ಇದನ್ನು ಪ್ರಯೋಗಿಸಲು ಹೋದರು. ಮೂರನೆಯ ಎಂತಕ್ಕೆಗೆ ಅಕ್ಕ ಸೌಟು ಕೆಳಗಿಟ್ಟದ್ದರಿಂದ ಬೇರು ಸಿಗಲಿಲ್ಲ.

"ನಮ್ಮ ಕಾರೇ ತಗೊಳ್ಳಿ. ನಾನು ಕಣ್ಣಲ್ಲಿ ನೋಡಿಯೇ ಕಳಿಸ್ತೇನೆ" ಎಂದರು ಭಾವ. ಮತ್ತೆ ಬೇರೆ ಕಾರು ನೋಡುವುದುಂಟೇ? ಬುಕ್ ಮಾಡಿದೆವು. ಆದರೆ ಶೋರೂಮಿನವರು, ನೀವು ಕೇಳಿದ ಬಣ್ಣ ಇಲ್ಲ, ಬರುವಾಗ ಮುಂದಿನ ತಿಂಗಳ ಕೊನೆ ಆಗ್ತದೆ ಎಂದುಬಿಟ್ಟರು. ಮುಂದಿನ ತಿಂಗಳ ಕೊನೆ ಎಂದರೆ ಆಟಿ, ತುಳುವರ ಆಷಾಢ. ಆಟಿಯಲ್ಲಿ ನಮ್ಮ ಕಡೆ ಮದುವೆ ಮುಂಜಿ ಇಲ್ಲ, ಹೊಸ ಸಾಮಾನು ಮನೆಯೊಳಗೆ ತರುವುದೂ ಇಲ್ಲ. ಒಂದು ಕುಕ್ಕರು ಕೊಳ್ಳಬೇಕಾದರೂ ಸೋಣ ತಿಂಗಳು ಬರಲಿ ಎಂದು ಕಾಯುವವರು ನಾವು. ಅದರಲ್ಲೂ ಮನೆಯಲ್ಲಿ ಊರಿಗೆಲ್ಲ ಮುಹೂರ್ತ ನೋಡಿಕೊಡುವವನೇ ಇದ್ದಾನೆ. ಅಣ್ಣ ಪಂಚಾಂಗ ನೋಡಿ ಆಟಿಗೆ ಮೊದಲಿನ ಒಂದು ದಿನ ಗೊತ್ತು ಮಾಡಿದ. ಆಗ ನಮ್ಮ ಮನೆಯಿಂದ ಭಾವನಿಗೆ ಒಂದು ಫೋನ್ ಹೋಯಿತು: "ಮುಹೂರ್ತಕ್ಕೆ ಕಾರು ಬೇಕೇ ಬೇಕು ಭಾವ, ಹೇಗಾದರೂ ಮಾಡಿ ಕಳಿಸಿ." ಆ ಫೋನ್ ಮಾಡಿದ್ದು ಅಮ್ಮ ಎಂದು ನನ್ನ ನೆನಪು. "ನಾನಲ್ಲ ಮಾರಾಯ್ತಿ, ನೀನೇ ಮಾಡಿದ್ದು. ನನಗೆ ಆ ಫೋನಿನಲ್ಲಿ ನಂಬರು ಒತ್ತಲಿಕ್ಕೇ ಬರುದಿಲ್ಲ" ಎಂದು ಅಮ್ಮನ ವಾದ. ಯಾರೇ ಮಾಡಿರಲಿ, ಕಾರು ಮುಹೂರ್ತಕ್ಕೆ ಸರಿಯಾಗಿ ಬಂತು.

ಕಾರು ಕೊಡುವ ದಿನ ಶೋರೂಮಿನ ಹುಡುಗಿ ನನ್ನ ಕೈಗೆ ಒಂದು ಕಾಗದ ಕೊಟ್ಟು, "ಮೇಡಂ, ಒಳಗೆ ಹೊರಗೆ ಎಲ್ಲ ನೋಡಿ, ಸರಿ ಉಂಟಾ ಅಂತ ಟಿಕ್ ಮಾಡಿ, ಆಮೇಲೆ ಸಹಿ ಹಾಕಿ. ಅರ್ಜೆಂಟಿಲ್ಲ" ಎಂದಳು. ಅರ್ಜೆಂಟು ಅವಳಿಗೆ ಇರಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. "ಈಗ ರಾಹುಕಾಲ ಶುರುವಾಗ್ತದೆ. ಅಷ್ಟರಲ್ಲಿ ಕಾರು ಗೇಟು ದಾಟಬೇಕು. ಅದೆಲ್ಲ ಭಾವ ನೋಡಿದ್ದಾರಲ್ಲ, ನೀನೆಂತ ಮತ್ತೆ ನೋಡುದು?" ಮಾತು ಸರಿಯೇ ಇತ್ತು. ಅವಳ ಬೆರಳು ತೋರಿಸಿದಲ್ಲೆಲ್ಲ ನಾನು ಟಿಕ್ ಮಾಡಿದೆ. ನಾನು ಹಾಗೆ ಟಿಕ್ ಮಾಡಿದ್ದರಲ್ಲಿ ಕಾರಿನ ಯಾವ ಯಾವ ಅಂಗಗಳಿದ್ದವೋ ನನಗೆ ಇಂದಿಗೂ ತಿಳಿಯದು. ಅಣ್ಣ ಅಲ್ಲಿಯೇ ಅಂಗಳದಲ್ಲಿ ಪೂಜೆ ಮಾಡಿದ. ಕುಂಕುಮ ಹಚ್ಚಿ, ಗಾಜಿನ ಬುಡದಲ್ಲಿ ಸೇವಂತಿಗೆಯ ರಾಶಿ ಇಟ್ಟು, ಅಕ್ಷತೆ ಹಾಕಿ, ಆರತಿ ಎತ್ತಿ, ಕಾಯಿ ಒಡೆದು ಮುಗಿಸಿದ. ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆ. ನಾನು ಕಾರು ಮುಂದೆ ಬಿಟ್ಟಾಗ ಮೂರು ಲಿಂಬೆ ಅಪ್ಪಚ್ಚಿಯಾದವು, ಒಂದು ಹಾರಿ ಮ್ಯಾನೇಜರರ ಕಾಲಬುಡಕ್ಕೆ ಹೋಯಿತು. ಶೋರೂಮಿನವರೆಲ್ಲ ಚಪ್ಪಾಳೆ ತಟ್ಟಿದರು. ಮಳೆಗಾಲವಾದರೂ ಆ ದಿನ ಒಂದು ಹನಿ ಬೀಳಲಿಲ್ಲ. ಅದನ್ನೂ ನಾವು ಮುಹೂರ್ತದ ಗುಣ ಎಂದೆವು.

ಮಳೆ ಬಂದದ್ದು ಮಾರನೆಯ ದಿನ. ತೊಕ್ಕೊಟ್ಟಿನಲ್ಲಿರುವ ಚಿಕ್ಕಮ್ಮನಿಗೆ ಕಾರು ತೋರಿಸಲೆಂದು ಹೊರಟಿದ್ದೆವು. ನೇತ್ರಾವತಿಯ ಸೇತುವೆಯ ಮೇಲೆ ಬಂದಾಗ ಕೆಳಗೆ ನದಿ ಕಾಣದಷ್ಟು ಮಳೆ. ಮುಂದಿನ ಸೀಟಿನಲ್ಲಿದ್ದ ಅಮ್ಮ ಮೆಲ್ಲ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡಳು. ಮೊಣಕಾಲು ನೋವಿನ ಅಮ್ಮ ಅಷ್ಟು ಸಲೀಸಾಗಿ ಚಕ್ಕಳಬಕ್ಕಳ ಹಾಕಿ ಕುಳಿತದ್ದನ್ನು ನೋಡಿ ನನಗೆ, ಕಾರಿನಲ್ಲಿ ಏನೋ ಶಕ್ತಿ ಇದೆ ಅನ್ನಿಸಿತು.

"ಎಂತಮ್ಮ, ಕಾಲು ನೋವು ಕಡಿಮೆ ಆಯ್ತಾ?"

"ಕಾಲು ಚಂಡಿ ಆಯ್ತು. ಇದು ಕಾರಾ ದೋಣಿಯಾ?"

ಬಗ್ಗಿ ನೋಡಿದರೆ ಅಮ್ಮನ ಒಂದು ಚಪ್ಪಲಿ ನಿಜವಾಗಿಯೂ ತೇಲುತ್ತಿತ್ತು. ಸೇತುವೆಯ ಕೆಳಗೂ ನೀರು, ಮೇಲೂ ನೀರು, ನಡುವೆ ಕಾರಿನೊಳಗೂ ನೀರು. ಚಿಕ್ಕಮ್ಮ ಕಾರು ನೋಡಲು ಹೊರಗೆ ಬಂದಾಗ ಅಣ್ಣ ತನ್ನ ಬೈರಾಸಿನಿಂದ ಅದರ ನೆಲ ಒರೆಸಿ ಹಿಂಡುತ್ತಿದ್ದ. "ಹೊಸ ಕಾರು ಅಂದ್ರಿ?" ಎಂದಳು ಚಿಕ್ಕಮ್ಮ.

ಸರ್ವಿಸ್ ಸೆಂಟರಿನಲ್ಲಿ ನಮ್ಮನ್ನು ನೋಡಿಕೊಳ್ಳಲು ಒಬ್ಬ ಅಡ್ವೈಸರ್ ಇದ್ದ. ಟೈ ಕಟ್ಟಿದ್ದ, ಕೈಯಲ್ಲಿ ಟ್ಯಾಬು, ಬಹಳ ನಯವಾದ ಮಾತು. ನಾನು "ಕಂಪ್ಲೇಂಟ್ ಉಂಟು" ಎಂದ ಕೂಡಲೇ ಅವನ ಮುಖ ಬಾಡಿತು. "ಮೇಡಂ, ಕಂಪ್ಲೇಂಟ್ ಅಂತ ನಾವು ಬರೆಯುದಿಲ್ಲ. ಕನ್ಸರ್ನ್ ಅಂತ ಬರೆಯುವ." ಬರೆಯುವ ಎಂದೆ. ಒಳಗೆ ಹತ್ತುವಾಗ ಕೊಡೆ ಒದ್ದೆಯಿತ್ತೇ? ಎ.ಸಿ. ಹಾಕಿದ್ದಿರೇ? ಗಾಜು ಇಳಿಸಿದ್ದಿರೇ? ರಸ್ತೆಯಲ್ಲಿ ಹೊಂಡ ಇತ್ತೇ? ಅವನ ಪ್ರಶ್ನೆಗಳು ಮುಗಿದಾಗ ನೀರು ನಮ್ಮ ಮೈಯಿಂದಲೇ ಇಳಿದಿರಬೇಕು ಎಂದು ನನಗೂ ಅನುಮಾನ ಬಂತು. ಕೊನೆಗೆ ಹೊರಗೆ ನೋಡಿ, ಊರಿನ ಪರವಾಗಿ ಕ್ಷಮೆ ಕೇಳುವವನ ಹಾಗೆ, "ಇಲ್ಲಿ ಮಳೆಯೂ ಸ್ವಲ್ಪ ಜಾಸ್ತಿ ಅಲ್ವಾ ಮೇಡಂ" ಎಂದ. ಮಳೆಯನ್ನು ಕರೆದು ವಿಚಾರಿಸುವಂತಿರಲಿಲ್ಲ. ಕಾರನ್ನು ಒಣಗಿಸಿ, ಸುಗಂಧ ಹೊಡೆದು ವಾಪಸು ಕೊಟ್ಟರು. ಮುಂದಿನ ಮಳೆಗೆ ಸುಗಂಧದ ನೀರು ಬಂತು.

ಅವನನ್ನು ನಾನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿರಲಿಲ್ಲ. ಏಕೆಂದರೆ ನಮ್ಮ ಕಾಲೇಜಿನಲ್ಲಿ ಒಂದು ಗುಣಮಟ್ಟ ಖಾತರಿ ಘಟಕ ಉಂಟು, ಮತ್ತು ಅದರ ಸಂಚಾಲಕಿ ನಾನೇ. ಹೊರಗಿನವರು ಕಾಲೇಜು ನೋಡಲು ಬರುತ್ತಾರೆಂದರೆ ಮರಗಳ ಬುಡಕ್ಕೆ ಸುಣ್ಣ ಹಚ್ಚುವುದು, ಮೂರು ವರ್ಷದಿಂದ ನೀರು ಬಾರದ ನಳ್ಳಿಗೆ 'ನೀರನ್ನು ಮಿತವಾಗಿ ಬಳಸಿ' ಎಂಬ ಫಲಕ ತೂಗುಹಾಕುವುದು, ಗ್ರಂಥಾಲಯದಲ್ಲಿ ಓದುವಂತೆ ಕುಳಿತುಕೊಳ್ಳಲು ಮಕ್ಕಳನ್ನು ಒಪ್ಪಿಸುವುದು, ಇವೆಲ್ಲ ನನ್ನ ಘಟಕದ ಕೆಲಸ. ಬಂದವರೂ ಬೇರೆ ಕಾಲೇಜುಗಳಲ್ಲಿ ಇದನ್ನೇ ಮಾಡಿ ಬಂದವರು. ನಳ್ಳಿ ತಿರುಗಿಸಿ ನೋಡುವ ಅಸಭ್ಯತೆಯನ್ನು ಯಾರೂ ತೋರಿಸುವುದಿಲ್ಲ. ಕಂಪ್ಲೇಂಟನ್ನು ಕನ್ಸರ್ನ್ ಎಂದು ಕರೆಯುವುದು ನಮಗೆ ಯಾಕೆ ಇಷ್ಟು ವರ್ಷ ಹೊಳೆಯಲಿಲ್ಲ ಎಂದು ಮಾತ್ರ ಹೊಟ್ಟೆಕಿಚ್ಚಾಯಿತು.

ಎರಡನೆಯ ಸಲ ಅಣ್ಣನೂ ನನ್ನ ಜೊತೆ ಬಂದ. ಈ ಸಲ ಅವರು ಬಾನೆಟ್ ತೆರೆದು, ಗಾಜಿನ ಬುಡದ ಜಾಲರಿ ಕಳಚಿ ಹುಡುಕಿದರು. ಸ್ವಲ್ಪ ಹೊತ್ತಿಗೆ ಅಡ್ವೈಸರ್ ಒಂದು ಪ್ಲಾಸ್ಟಿಕ್ ಕವರನ್ನು ಎರಡು ಬೆರಳಿನಲ್ಲಿ ಹಿಡಿದು ತಂದ, ಪೊಲೀಸರು ಕೊಲೆಯಾದ ಜಾಗದಿಂದ ತರುವ ಹಾಗೆ. ಒಳಗೆ ಕೊಳೆತ ಸೇವಂತಿಗೆ, ತುಳಸಿ, ಅಕ್ಷತೆ. ಪೂಜೆಯ ದಿನದ್ದು ಮಾತ್ರವಲ್ಲ. ಅಣ್ಣ ದಿನಾ ಬೆಳಿಗ್ಗೆ ದೇವರ ಪ್ರಸಾದದ ಹೂವು ತಂದು ವೈಪರಿನ ಬುಡಕ್ಕೆ ಸಿಕ್ಕಿಸುತ್ತಿದ್ದ, ಅದೆಲ್ಲ ಒಳಗಿಳಿದಿತ್ತು.

"ನೀರು ಹೋಗುವ ದಾರಿ ಬ್ಲಾಕ್ ಆಗಿದೆ ಮೇಡಂ. ಇದು ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್ ಅಲ್ಲ. ಇದು ಎಂತ ಹೇಳುದು," ಅವನು ಅಣ್ಣನ ಜುಟ್ಟು ನೋಡಿ ದನಿ ತಗ್ಗಿಸಿದ, "ಪೂಜೆ ಡಿಫೆಕ್ಟ್. ವಾರಂಟಿಯಲ್ಲಿ ಬರುದಿಲ್ಲ."

ಸುತ್ತ ನಿಂತವರು ನಕ್ಕರು. ನಾನೂ ನಕ್ಕಿರಬಹುದು. ಅಣ್ಣ ನಗಲಿಲ್ಲ. ಆ ಕವರನ್ನು ಅವನ ಕೈಯಿಂದ ಎರಡೂ ಕೈಯಲ್ಲಿ ತೆಗೆದುಕೊಂಡು ಚೀಲದೊಳಗೆ ಇಟ್ಟ. ಪ್ರಸಾದವಲ್ಲವೇ, ಕಸದ ಬುಟ್ಟಿಗೆ ಹಾಕಲು ಬಿಡುವ ಹಾಗಿಲ್ಲ. ಮನೆಗೆ ಬಂದು ತೆಂಗಿನ ಬುಡಕ್ಕೆ ಹಾಕಿದ.

ನಮ್ಮ ಊರಿನಲ್ಲಿ ಮಳೆನೀರಿಗಿಂತ ಬೇಗ ಹರಿಯುವುದು ಸುದ್ದಿ. ಭಟ್ರ ಪೂಜೆಯಿಂದ ಭಟ್ರ ಕಾರೇ ಸೋರಿತಂತೆ ಎಂಬುದು ವಾರದೊಳಗೆ ದೇವಸ್ಥಾನದ ಅಂಗಳಕ್ಕೆ ಬಂತು. ಹೊಸ ಸ್ಕೂಟರು, ರಿಕ್ಷಾ, ಕಾರು ತೆಗೆದುಕೊಂಡವರೆಲ್ಲ ಮೊದಲು ಬರುತ್ತಿದ್ದದ್ದು ಅಣ್ಣನ ಹತ್ತಿರ. ವಾಹನ ಪೂಜೆಯೆಂದರೆ ಅವನಿಗೆ ಬಹಳ ಪ್ರೀತಿ. ಮದುವೆಯ ಮಂತ್ರ ಯಾರೂ ಕೇಳುವುದಿಲ್ಲ, ಆದರೆ ಹೊಸ ರಿಕ್ಷಾದವನು ಕಣ್ಣುಮುಚ್ಚಿ ಕೈಮುಗಿದು ಕೊನೆಯವರೆಗೂ ಕೇಳುತ್ತಾನೆ ಎನ್ನುತ್ತಿದ್ದ. ಈಗ ಯಾರಾದರೂ ಬಂದರೆ ದೂರದಿಂದಲೇ ಒಂದು ಹನಿ ತೀರ್ಥ ಪ್ರೋಕ್ಷಿಸಿ, "ಆಯ್ತು, ಹೋಗಿಬನ್ನಿ" ಎನ್ನತೊಡಗಿದ. "ಭಟ್ರೇ, ಒಂದು ಹೂವಾದರೂ ಇಡಿ" ಎಂದರೆ, "ಹೂ ಬೇಡ. ಮತ್ತೆ ನೀರು ಬಂದರೆ?" ಎನ್ನುವನು. ಬಂದವರು ಮುಖ ಮುಖ ನೋಡಿಕೊಂಡು ಸುರತ್ಕಲ್ಲಿನ ಕಡೆ ಬೇರೆ ದೇವಸ್ಥಾನಕ್ಕೆ ಹೋಗತೊಡಗಿದರು. ಕಾರು ಮನೆಯ ಎದುರಿದ್ದರೂ ಅಣ್ಣ ಹೋಮದ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋಗುವನು. "ಯಾಕಾ, ಕಾರಿನ ಮೇಲೆ ಕೋಪವಾ?" ಎಂದು ಅಮ್ಮ ಕೇಳಿದರೆ, "ಕೋಪ ಎಂತಕ್ಕೆ? ನನ್ನ ಕೈಯಿಂದಲೇ ಆದದ್ದಲ್ಲ" ಎಂದ.

ನಾನು ಭಾವನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಹಗುರಾದರು. "ನಾನು ಮೊದಲೇ ಅಂದುಕೊಂಡೆ. ನಮ್ಮ ಕಡೆಯಿಂದ ಹಾಗೆ ಹೋಗುವ ಚಾನ್ಸೇ ಇಲ್ಲ. ನೀರು ಎಂತಕ್ಕೆ ಬಂತು? ದಾರಿ ಮುಚ್ಚಿತ್ತು. ಎಂತಕ್ಕೆ ಮುಚ್ಚಿತ್ತು? ಹೂ ಇತ್ತು. ಹೂ ಎಂತಕ್ಕೆ ಇತ್ತು? ಶ್ರೀಪತಿ ಇಟ್ಟ. ನೋಡು, ಮೂರರಲ್ಲೇ ಬೇರು ಸಿಕ್ಕಿತು." ಇನ್ನೆರಡು ಉಳಿಯಿತಲ್ಲ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರಿಗೆ ಮೀಟಿಂಗಿಗೆ ಹೊತ್ತಾಯಿತು.

ಹೂ ತೆಗೆದದ್ದಾಯಿತು, ದಾರಿ ತೊಳೆದದ್ದಾಯಿತು. ಮಾರನೆಯ ದಿನದ ಮಳೆಗೆ ಅಮ್ಮನ ಕಾಲು ಮತ್ತೆ ಚಂಡಿ. ಅಣ್ಣನಿಗೆ ಹೇಳಿದರೆ, "ಇನ್ನೂ ಒಂದೆರಡು ಎಸಳು ಒಳಗೆ ಉಳಿದಿರಬೇಕು" ಎಂದ. ತಪ್ಪನ್ನು ಒಮ್ಮೆ ಹೊತ್ತುಕೊಂಡವರಿಗೆ ಇಳಿಸುವುದೇ ಕಷ್ಟವೇನೋ. ಅಮ್ಮನಿಗೆ ಮಂಡೆ ಬಿಸಿಯಾಯಿತು. "ಅಳಿಯ ಹೇಳ್ತಾರಲ್ಲ, ಕಾರಿಗೆ ಸ್ನಾನ ಮಾಡಿಸುದು, ಒಳಗೆ ಕೂತು ನೋಡುದು. ಅದನ್ನು ನಾವೇ ಮಾಡುವ. ನೀರು ನಮ್ಮ ಬಾವಿಯಲ್ಲಿ ಉಂಟು."

ಒಂದು ಭಾನುವಾರ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅಮ್ಮ ಹಿಂದಿನ ಸೀಟಿನಲ್ಲಿ ಅಧ್ಯಕ್ಷೆಯಂತೆ ಕುಳಿತಳು. ನಾನು ಮುಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ತಲೆಯಿಟ್ಟು, ಟಾರ್ಚು ಹಿಡಿದು ಮಲಗಿದೆ. ಮ್ಯಾಟು ತೆಗೆದು, ಕೆಳಗಿನ ದಪ್ಪ ಹಾಸನ್ನೂ ಎತ್ತಿ ಹಿಡಿದಿದ್ದೆ. ಅಣ್ಣ ಹೊರಗೆ ಪೈಪು ಹಿಡಿದ. ಪೈಪಿನಲ್ಲಿ ನೀರು ನೂಲಿನಷ್ಟು ಬಂತು. ಆಗ ಅವನು ಬಾಲ್ದಿಯಲ್ಲಿ ನೀರು ತುಂಬಿ ಚೆಂಬಿನಲ್ಲಿ ಹೊಯ್ಯತೊಡಗಿದ. ಮೊದಲು ಬಾನೆಟಿನ ಮೇಲೆ, ಆಮೇಲೆ ಗಾಜಿನ ಮೇಲೆ, ಒಂದೇ ಧಾರೆ, ಎಲ್ಲಿಯೂ ಕಡಿಯದ ಹಾಗೆ. ಸ್ವಲ್ಪ ಹೊತ್ತಿಗೆ ಗಾಜಿನ ಆಚೆಯಿಂದ ಮೆಲ್ಲಗೆ ರುದ್ರ ಕೇಳತೊಡಗಿತು.

"ಮಂತ್ರ ಬೇಡ, ನೀರು ಹೊಯ್ಯಿ" ಎಂದಳು ಅಮ್ಮ ಒಳಗಿನಿಂದ.

"ನಾನು ಹೇಳುದಲ್ಲ ಅಮ್ಮ. ಚೆಂಬು ಹಿಡಿದರೆ ಬಾಯಿ ಅದರಷ್ಟಕ್ಕೇ ಹೋಗ್ತದೆ."

ಪಕ್ಕದ ಮನೆಯ ಐರಿನ್ ಬಾಯಿ ಬೇಲಿಯ ಹತ್ತಿರ ಬಂದು ನಿಂತರು. "ಎಂತ ಭಟ್ರೇ, ಕಾರಿಗೆ ಅಭಿಷೇಕವಾ?"

"ಇಲ್ಲ ಬಾಯಿ, ಟೆಸ್ಟಿಂಗ್" ಎಂದ ಅಣ್ಣ, ಒಂದು ಅನುವಾಕ ಮುಗಿಸಿ.

"ಒಳಗೆ ಯಾರು ಮಲಗಿದ್ದು?"

"ತಂಗಿ. ಅವಳು ಕ್ವಾಲಿಟಿ."

ಎರಡನೆಯ ಬಾಲ್ದಿಯ ಅರ್ಧದಲ್ಲಿ ನನ್ನ ಮೂಗಿನ ತುದಿಗೆ ಒಂದು ಹನಿ ಬಿತ್ತು. ಟಾರ್ಚು ತಿರುಗಿಸಿದೆ. ಎರಡು ತಗಡು ಸೇರುವ ಕಡೆ, ಕಿಟಕಿಗೆ ಹಚ್ಚುವ ಮೇಣದಂಥ ಒಂದು ಅಂಟನ್ನು ಉದ್ದಕ್ಕೂ ಎಳೆದಿದ್ದರು. ಎಡಕ್ಕೆ ಅಂಟು ಇತ್ತು, ಬಲಕ್ಕೆ ಇತ್ತು, ನಡುವೆ ಎರಡು ಬೆರಳಿನಷ್ಟು ಜಾಗದಲ್ಲಿ ಇರಲಿಲ್ಲ. ಯಾರೋ ಎಳೆಯುತ್ತ ಎಳೆಯುತ್ತ ಸೀನಿರಬೇಕು, ಇಲ್ಲವೇ ಯಾರೋ ಕರೆದರೆಂದು ತಿರುಗಿ ನೋಡಿರಬೇಕು. ಆ ಎರಡು ಬೆರಳಿನ ಖಾಲಿಯಲ್ಲಿ ನೀರು ಒಂದೊಂದೇ ಹನಿಯಾಗಿ, ಸಾವಕಾಶವಾಗಿ, ಸ್ವಂತ ಮನೆಗೆ ಬರುವಂತೆ ಒಳಗೆ ಬರುತ್ತಿತ್ತು. ಅಲ್ಲಿ ಹೂವೂ ಇಲ್ಲ, ಅಕ್ಷತೆಯೂ ಇಲ್ಲ. ಅಲ್ಲಿಯವರೆಗೆ ಅಣ್ಣನ ಹೂವು ಹೋಗಲು ದಾರಿಯೇ ಇಲ್ಲ.

"ಬಂತು" ಎಂದೆ. "ಬಂತಂತೆ" ಎಂದು ಅಮ್ಮ ಹೊರಗೆ ದಾಟಿಸಿದಳು. ಅಣ್ಣ ಚೆಂಬು ಕೆಳಗಿಟ್ಟು, ಬಾಗಿಲು ತೆರೆದು, ಒದ್ದೆ ಬೈರಾಸಿನಲ್ಲೇ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಆ ಜಾಗಕ್ಕೆ ತೋರುಬೆರಳು ಇಟ್ಟ. ಹನಿ ನಿಂತಿತು. ತೆಗೆದ. ಮತ್ತೆ ಬಂತು. ಮತ್ತೆ ಇಟ್ಟ. ಮಕ್ಕಳು ಆಡುವ ಹಾಗೆ ನಾಲ್ಕೈದು ಸಲ ಮಾಡಿ, "ಹಾಗಾದರೆ ಹೂವಿನದ್ದಲ್ಲ" ಎಂದ.

ನಾನು ತೆಗೆದ ಫೋಟೋ ನೋಡಿ ಸರ್ವಿಸ್ ಸೆಂಟರಿನ ಅಡ್ವೈಸರ್ ಒಳಗೆ ಹೋದ. ಮ್ಯಾನೇಜರನ್ನು ಕರೆತಂದ. ಅವರು ಫೋಟೋವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದರು. ಶೋರೂಮಿನವರು ಮಾರುವವರು ಮಾತ್ರ, ತಯಾರಿಸಿದ್ದು ಕಾರ್ಖಾನೆ. ಕಾರ್ಖಾನೆ ಜೋಡಿಸುವುದು ಮಾತ್ರ, ಆ ಅಂಟು ಹೊರಗಿನವರದ್ದು. ಹೊರಗಿನವರು ಅಂಟು ಕೊಡುವುದು ಮಾತ್ರ, ಹಚ್ಚುವುದು ಯಂತ್ರ. ಯಂತ್ರಕ್ಕೆ ಈ ಊರಿನಲ್ಲಿ ಪ್ರತಿನಿಧಿ ಇರಲಿಲ್ಲ. ಆದರೂ ಕೆಲಸ ಬೇಗ ಆಯಿತು. ಅವರು ಕೊಟ್ಟ ಚಹ ನಾವು ಕುಡಿದು ಮುಗಿಸುವಷ್ಟರಲ್ಲಿ ಅಂಟು ಹಚ್ಚಿ, ಒಣಗಿಸಿ, ನೀರು ಹೊಡೆದು ತೋರಿಸಿದರು. ಖರ್ಚು ತೆಗೆದುಕೊಳ್ಳಲಿಲ್ಲ. "ಗುಡ್‌ವಿಲ್ ಅಂತ ಮಾಡಿಕೊಟ್ಟಿದ್ದೇವೆ ಮೇಡಂ" ಎಂದರು ಮ್ಯಾನೇಜರ್. ತಪ್ಪು ಯಾರದ್ದೂ ಅಲ್ಲ, ಒಳ್ಳೆಯತನ ಎಲ್ಲರದ್ದೂ. ಅಣ್ಣ ಕೇಳಿದ್ದು ಒಂದೇ: "ಪೂಜೆಯಿಂದ ಆದದ್ದಲ್ಲ ಅಂತ ಒಂದು ಮಾತು ಬರೆದುಕೊಡ್ತೀರಾ?" ಅಡ್ವೈಸರ್ ಟ್ಯಾಬಿನಲ್ಲಿ ಮೇಲೆ ಕೆಳಗೆ ಹುಡುಕಿ, ನಿಜವಾದ ಬೇಸರದಿಂದ, "ಹಾಗೆ ಬರೆಯಲಿಕ್ಕೆ ಇದರಲ್ಲಿ ಆಪ್ಷನ್ ಇಲ್ಲ ಭಟ್ರೇ" ಎಂದ.

ಕಾರು ಸರಿಯಾಯಿತು, ಊರಿನ ಬಾಯಿ ಆಗಲಿಲ್ಲ. ಅಣ್ಣ ಹೂ ಇಡುವುದನ್ನು ಶುರು ಮಾಡಲೂ ಇಲ್ಲ. ಭಾವ ಒಂದು ಮಾತು ಹೇಳಿದರೆ ಸಾಕಿತ್ತು, ಕಾರಿನ ವಿಷಯದಲ್ಲಿ ನಮ್ಮ ಬಳಗಕ್ಕೆ ಅವರದೇ ಕೊನೆಯ ಮಾತು. ನಾನು ಫೋಟೋ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಆಗ ನನಗೆ ಒಂದು ಹಳೆಯ ಮಾತು ನೆನಪಾಯಿತು. ಹಿಂದೊಮ್ಮೆ ನಮ್ಮ ಮನೆಯಲ್ಲಿ ಮಾವಿನ ರಸಾಯನ ಸುರಿಯುತ್ತ ಭಾವ ಹೇಳಿದ್ದರು: "ತಿಂಗಳ ಕೊನೆಯಲ್ಲಿ ನೋಡಬೇಕು ನಮ್ಮಲ್ಲಿ. ಇಂತಿಷ್ಟು ಕಾರು ಹೊರಗೆ ಹೋಗಲೇಬೇಕು. ಸ್ನಾನದ ಗೂಡಿನ ಎದುರು ಮೈಲುದ್ದದ ಕ್ಯೂ. ಕೆಲವೊಮ್ಮೆ..." ಅಲ್ಲಿಗೆ ಅಕ್ಕ ಅವರನ್ನು ನೋಡಿದಳು, ಅವರು ರಸಾಯನ ನೋಡಿದರು. ಅಕ್ಕನಿಗೆ ಫೋನ್ ಮಾಡಿ ಕೇಳಿದರೆ, "ಅವರು ಹಾಗೆ ಹೇಳಿಯೇ ಇಲ್ಲ. ನೀನು ಕಟ್ಟಿದ್ದು" ಎಂದಳು. ಕಟ್ಟಿರಲೂಬಹುದು. ಕಾಲು ಒದ್ದೆಯಾದ ಮೇಲೆ ಹುಟ್ಟಿದ ನೆನಪುಗಳನ್ನು ಎಷ್ಟು ನಂಬುವುದು? ಆದರೆ ನಮಗೆ ರಾಹುಕಾಲ ಇದ್ದ ಹಾಗೆ ಅವರಿಗೆ ತಿಂಗಳ ಕೊನೆ ಎಂಬುದು ತಲೆಯಲ್ಲಿ ಕುಳಿತಿತು. ನಮ್ಮ ಕಾರು ಹೊರಟದ್ದೂ ತಿಂಗಳ ಕೊನೆಯಲ್ಲೇ. ಅಣ್ಣನಿಗೆ ಹೇಳಿದೆ. ಅವನು ಕೈ ಅಡ್ಡ ಹಿಡಿದ. "ನೀನು ಅವರ ಹತ್ತಿರ ಎಂತದ್ದೂ ಕೇಳಬೇಡ. ಮನೆಯ ಅಳಿಯ ಅವರು. ಹೂ ಇಟ್ಟವ ನಾನು ಅಂತ ಹೇಳಿದರೆ ನನಗೆಂತ ಆಗ್ತದೆ? ಅವರಿಗೆ ಹೆಸರೇ ಬದಲಿಸಬೇಕಾದೀತು." ಅಣ್ಣ ನಗೆಮಾತು ಆಡದೆ ತಿಂಗಳಾಗಿತ್ತು.

ಸೋಣದಲ್ಲಿ ಅಪ್ಪನ ತಿಥಿಗೆ ಅಕ್ಕ ಭಾವ ಬಂದರು. ಬಂದ ದಿನ ಯಾರೂ ಕಾರಿನ ಸುದ್ದಿ ಎತ್ತಲಿಲ್ಲ. ಐದು ಜನ ಕುಳಿತ ಜಗಲಿಯಲ್ಲಿ ಕಾರಿನ ಸುದ್ದಿ ಎತ್ತದಿರುವುದು ಎಷ್ಟು ಶ್ರಮದ ಕೆಲಸವೆಂದು ಆ ದಿನ ತಿಳಿಯಿತು. ಸಂಜೆ ಮಳೆ ಸುರಿಯುವಾಗ ಭಾವ ಕಾಣಲಿಲ್ಲ. ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಕಾರಿನ ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತು, ಕೆಳಗೆ ಬಗ್ಗಿ, ನೆಲದ ಮೇಲೆ ಅಂಗೈ ಒತ್ತಿ, ಅಂಗೈಯನ್ನು ಹತ್ತಿರ ತಂದು ನೋಡುತ್ತಿದ್ದರು. ಮತ್ತೆ ಒತ್ತಿದರು. ಮತ್ತೆ ನೋಡಿದರು.

ತಿಥಿ ಕಳೆದ ಮಾರನೆಯ ಬೆಳಿಗ್ಗೆ ಅವರು ಸ್ನಾನ ಮಾಡಿ, ನೇರ ದೇವಸ್ಥಾನಕ್ಕೆ ಹೋಗಿ, ಹತ್ತು ಜನ ನಿಂತಿದ್ದಂತೆಯೇ ಅಣ್ಣನಿಗೆ ಹೇಳಿದರಂತೆ: "ಶ್ರೀಪತಿ, ಕಾರು ತರಲಿಕ್ಕೆ ತಂಗಿಗೆ ಹೇಳಿದ್ದೇನೆ. ಇನ್ನೊಮ್ಮೆ ಪೂಜೆ ಆಗಬೇಕು. ಹೂ ಜಾಸ್ತಿಯೇ ಇಡು." ನಾನು ಕಾರು ತಂದು ನಿಲ್ಲಿಸಿದಾಗ ಅಣ್ಣ ಒಂದು ಸಣ್ಣ ಮಲ್ಲಿಗೆ ಹಿಡಿದು ಅನುಮಾನಿಸುತ್ತ ನಿಂತಿದ್ದ. ಭಾವ ಅವನ ಹರಿವಾಣದಿಂದ ಎರಡೂ ಕೈಯಲ್ಲಿ ಹೂ ಬಾಚಿ ಗಾಜಿನ ಬುಡಕ್ಕೆ ಸುರಿದರು. "ಹೂವಿನಿಂದ ಕಾರು ಸೋರುದಿಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವ ಹೇಳುದು" ಎಂದು ಯಾರಿಗೆಂದಿಲ್ಲದೆ ಎಲ್ಲರಿಗೂ ಕೇಳುವಂತೆ ಹೇಳಿದರು. ಆಚೆ ಕಡೆ ಹೊಸ ರಿಕ್ಷಾ ನಿಲ್ಲಿಸಿ ಕಾಯುತ್ತಿದ್ದವನೊಬ್ಬ, "ಹಾಗಾದರೆ ನಮ್ಮದಕ್ಕೂ ಇಡಿ ಭಟ್ರೇ" ಎಂದ. ಅಣ್ಣ ಇಟ್ಟ. ಮಂತ್ರ ಆ ದಿನ ಸ್ವಲ್ಪ ಉದ್ದವಾಯಿತು. ರಿಕ್ಷಾದವನು ಕೊನೆಯವರೆಗೂ ಕಣ್ಣು ತೆರೆಯಲಿಲ್ಲ.

ಇಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಅಣ್ಣ ಕೂಡ ಹಾಗೇ ಹೇಳಿದ್ದ. ಆದರೆ ಇತಿಹಾಸ ಓದಿದವಳ ಚಟ. ಅಕ್ಕ ನಾಲ್ಕು ದಿನ ನಿಲ್ಲುವವಳಿದ್ದಳು, ಭಾವನನ್ನು ರೈಲಿಗೆ ಬಿಡಲು ನಾನೊಬ್ಬಳೇ ಹೊರಟೆ. ದಾರಿಯಲ್ಲಿ ಮಳೆ ಹಿಡಿಯಿತು. ವೈಪರಿನ ಜೊತೆ ಮಲ್ಲಿಗೆಯೂ ಆಚೆ ಈಚೆ ಓಡಾಡುತ್ತಿತ್ತು. ಭಾವ ಕಾಲನ್ನು ಚೂರು ಎತ್ತಿಯೇ ಇಟ್ಟುಕೊಂಡಿದ್ದರು. ಕುಳೂರು ದಾಟಿದ ಮೇಲೆ ಕೇಳಿದೆ.

"ಭಾವ, ಒಂದು ಮಾತು. ನಮ್ಮ ಕಾರಿಗೆ ಅಲ್ಲಿ ಸ್ನಾನ ಆಗಿತ್ತಾ?"

ಅವರು ಕಿಟಕಿಯ ಗಾಜಿನ ರಬ್ಬರನ್ನು ಬೆರಳಿನಿಂದ ಸವರುತ್ತ ಹೊರಗೆ ನೋಡಿದರು. ಒಂದು ಟ್ಯಾಂಕರು, ಅದರ ಹಿಂದೆ ಇನ್ನೊಂದು ಟ್ಯಾಂಕರು ಹೋಯಿತು. ಆಮೇಲೆ, "ನೀನು ಅವತ್ತು ಫೋನಿನಲ್ಲಿ..." ಎಂದು ಶುರು ಮಾಡಿದವರು, ನನ್ನ ಮುಖ ನೋಡಿ, "ಮಳೆ ಜೋರುಂಟು. ನಿಧಾನ ಬಿಡು" ಎಂದರು.

ರೈಲು ಬಂತು, ಹೋಯಿತು. ಮುಹೂರ್ತಕ್ಕೆ ಕಾರು ಬೇಕೆಂದು ಆ ಫೋನ್ ಮಾಡಿದ್ದು ಯಾರು ಎಂಬುದು ಆಗ ಇತ್ಯರ್ಥವಾಯಿತು. ಅದನ್ನು ನಾನು ಕೇಳಿರಲೇ ಇಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಇವತ್ತಿಗೂ ಬಂದಿಲ್ಲ. ಮತ್ತೆ ಫೋನ್ ಮಾಡಿ ಕೇಳಬಹುದು, ಆದರೆ ಭಾವ ಹೌದೋ ಅಲ್ಲವೋ ಎನ್ನುವ ಬದಲು, "ಎಂತಕ್ಕೆ ಕೇಳ್ತಿ?" ಎಂದುಬಿಟ್ಟರೆ? ಅವರದು ಐದು ಸಲ ಕೇಳುವ ಅಭ್ಯಾಸ. ನನ್ನ ಹತ್ತಿರ ಎರಡನೆಯದಕ್ಕೇ ಉತ್ತರ ಇಲ್ಲ.